ಕುರ್ಚಿ, ಕಾಲ್ಗುಣ ಮತ್ತು ತೆರಕಣಾಂಬಿ: ನಾಯಕತ್ವದ ಗುಂಡ್ಲುಪೇಟೆ ಸಿದ್ಧಾಂತ

ಅನಿಶ್ಚಿತ ಕಾಲದಲ್ಲಿ ಸಂಸ್ಥೆಯನ್ನು ಮುನ್ನಡೆಸುವುದು ಹೇಗೆಂದು ಕಲಿಸಲು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ದೊಡ್ಡ ವಿದ್ಯಾಸಂಸ್ಥೆಯೇ ಇದೆ. ಅಲ್ಲಿ ಶುಲ್ಕ ಕಟ್ಟಲಾಗದವರಿಗಾಗಿ ಈ ಪ್ರಬಂಧ. ಗುಂಡ್ಲುಪೇಟೆ ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳಲ್ಲಿ ಕಾಫಿ ಆರುವ ತನಕ ನಡೆದ ವಾದವನ್ನೆಲ್ಲ ಇಲ್ಲಿ ಪ್ರಮಾಣವೆಂದೇ ಸ್ವೀಕರಿಸಲಾಗಿದೆ.

ಪೂರ್ವಪಕ್ಷ ಎಲ್ಲರಿಗೂ ಗೊತ್ತಿರುವುದೇ. ಜಿಲ್ಲಾ ಕೇಂದ್ರ ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ. ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಬೆರಳು ಮಡಚುತ್ತಾ ಹೋದರೆ ಒಂದು ಕೈ ಮುಗಿದೇ ಹೋಗುತ್ತದೆ. ಇಷ್ಟು ಗಟ್ಟಿ ಪುರಾವೆ ಬೇರೆ ಯಾವ ನಿರ್ವಹಣಾ ಶಾಸ್ತ್ರಕ್ಕೂ ದಕ್ಕಿಲ್ಲ.

ಆಕ್ಷೇಪಗಳೂ ಉಂಟು. ಹೆಗಡೆಯವರು 1988ರಲ್ಲಿ ರಾಜೀನಾಮೆ ಕೊಟ್ಟಿದ್ದು ದೂರವಾಣಿ ಕದ್ದಾಲಿಕೆಯ ಗಲಾಟೆಯಲ್ಲಿ. ಆಮೇಲೆ ಬಂದ ಯಾರೂ ಫೋನು ಮುಟ್ಟುವುದನ್ನು ಬಿಡಲಿಲ್ಲ. ವೀರೇಂದ್ರ ಪಾಟೀಲರನ್ನು ಬದಲಿಸುವ ಮಾತು 1990ರಲ್ಲಿ ರಾಜೀವ್ ಗಾಂಧಿಯವರ ಬಾಯಿಂದ ಹೊರಬಿದ್ದದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ವಿಮಾನ ನಿಲ್ದಾಣಕ್ಕೆ ಹೋಗಲು ಹೆದರುವ ಮುಖ್ಯಮಂತ್ರಿ ಇನ್ನೂ ಹುಟ್ಟಿಲ್ಲ. ಬೊಮ್ಮಾಯಿ ಸರ್ಕಾರದ ವಜಾ ಬಗ್ಗೆ 1994ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ 356ನೇ ವಿಧಿಯನ್ನು ಜಾಲಾಡಿತೇ ಹೊರತು ಚಾಮರಾಜನಗರದ ಪ್ರವಾಸವನ್ನಲ್ಲ. ನ್ಯಾಯಮೂರ್ತಿಗಳಿಗೆ ನಮ್ಮ ಕಡೆಯ ನೆಂಟರಿರಲಿಲ್ಲವೆಂದು ಕಾಣುತ್ತದೆ.

ಇನ್ನು ನಾವೀನ್ಯದ ಮಾತು. 1997ರಲ್ಲಿ ಮೈಸೂರಿನಿಂದ ಬೇರೆಯಾದ ಹೊಸ ಜಿಲ್ಲೆಗೆ ಜೆ.ಎಚ್. ಪಟೇಲರು ಚಾಲನೆ ಕೊಟ್ಟಿದ್ದು ನೂರು ಕಿಲೋಮೀಟರಿಗೂ ಮಿಗಿಲು ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಮನೆಯಾಕೆಯನ್ನು ಹೊರಗೆ ನಿಲ್ಲಿಸಿ ಪಕ್ಕದೂರಲ್ಲಿ ಹಾಲುಕ್ಕಿಸುವ ಈ ಗೃಹಪ್ರವೇಶವನ್ನು ವರ್ಕ್ ಫ್ರಂ ಹೋಮ್ ಪದ್ಧತಿಯ ಆದಿಪರ್ವವೆನ್ನಬಹುದು. ಇಷ್ಟು ಹುಷಾರಾಗಿದ್ದ ಪಟೇಲರ ಅಧಿಕಾರವೂ 1999ರಲ್ಲಿ ಹೋಯಿತು. ಈ ಅಂಶವನ್ನು ನಮ್ಮ ಸಿದ್ಧಾಂತಿಗಳು 'ಅಪವಾದ' ಎಂಬ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಮುಖ್ಯ ತೊಡಕು ಗಡಿಯದು. ಗುಂಡ್ಲುಪೇಟೆಯೂ ಅದೇ ಜಿಲ್ಲೆಯ ತಾಲ್ಲೂಕು. ಆದರೆ 2017ರ ಉಪಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ, ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪ ಇಬ್ಬರೂ ಇಲ್ಲಿಯ ಹಳ್ಳಿಹಳ್ಳಿ ಸುತ್ತಿದರು. ಯಾರಿಗೂ ನೆಗಡಿಯೂ ಆಗಲಿಲ್ಲ. ಆದ್ದರಿಂದ ಕಾಲ್ಗುಣದ ದೋಷ ನಮ್ಮ ಊರಿಗೂ ಚಾಮರಾಜನಗರಕ್ಕೂ ನಡುವೆ, ತೆರಕಣಾಂಬಿಯ ಸುತ್ತಮುತ್ತ ಎಲ್ಲೋ ಶುರುವಾಗುತ್ತದೆ. ಸರ್ವೆ ಇಲಾಖೆ ಕಲ್ಲು ನೆಟ್ಟು ಕೊಟ್ಟರೆ ಉಪಕಾರವಾದೀತು.

2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಚಾಮರಾಜನಗರಕ್ಕೆ ಮತ್ತೆ ಮತ್ತೆ ಬಂದು, 2018ರವರೆಗೆ ಐದು ವರ್ಷವನ್ನೂ ಪೂರೈಸಿ ಸಿದ್ಧಾಂತಕ್ಕೆ ಭಾರೀ ಪೆಟ್ಟು ಕೊಟ್ಟರು. ಒಂದು ಸಲ ಹೋದರಷ್ಟೇ ದೋಷ, ಪದೇ ಪದೇ ಹೋದರೆ ಪರಿಹಾರ ಎಂಬ ತಿದ್ದುಪಡಿ ಆಗ ಬಂತು. ಕಲಿಕೆ ಎಂದರೆ ಇದೇ. ಅವರ ಮುಂದಿನ ಸರ್ಕಾರ 2025ರ ಏಪ್ರಿಲ್‌ನಲ್ಲಿ ಸಚಿವ ಸಂಪುಟವನ್ನೇ ಜಿಲ್ಲೆಗೆ ತಂದಿತು. ಸಭೆ ಸೇರಿದ ಜಾಗ? ಮಲೆ ಮಹದೇಶ್ವರ ಬೆಟ್ಟ.

ಈಗ ಕ್ಷೇತ್ರಕಾರ್ಯ. ಆಷಾಢ ಶ್ರಾವಣದಲ್ಲಿ ಊಟಿ ರಸ್ತೆಯ ಪಕ್ಕ ಸೂರ್ಯಕಾಂತಿ, ಚೆಂಡುಮಲ್ಲಿಗೆ ಹೊಲಗಳು ಹಳದಿಯಾದಾಗ ಕೇರಳದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಫೋಟೋ ಹುಚ್ಚಿಗೆ ಗಿಡ ತುಳಿದಾರೆಂದು ಒಬ್ಬ ರೈತ ಬದುವಿಗೆ ಹಗ್ಗ ಕಟ್ಟಿದ. ಮರುದಿನ ಹಗ್ಗದ ಪಕ್ಕ ಅವನ ಹುಡುಗ ನಿಂತ: ಒಳಗೆ ಹೋಗಿ ಸೆಲ್ಫಿ ತೆಗೆಯಲು ತಲೆಗಿಷ್ಟು. ಮಳೆ ಮೋಡದ ಕೈಲಿ, ರೇಟು ಹೂ ಕೊಳ್ಳುವ ಬಣ್ಣದ ಫ್ಯಾಕ್ಟರಿಯವರ ಕೈಲಿ, ಮಿಕ್ಕದ್ದು ಬಂಡೀಪುರದಿಂದ ಇಳಿಯುವ ಹಂದಿ ಆನೆಗಳ ಕೈಲಿ. ಅವನ ಕೈಲಿದ್ದದ್ದು ಆ ಹಗ್ಗವೊಂದೇ. ಬನ್ನೇರುಘಟ್ಟ ರಸ್ತೆಯಲ್ಲಾದರೆ ಇದಕ್ಕೆ ಎರಡು ಸೆಮಿಸ್ಟರ್ ಹಿಡಿಯುತ್ತಿತ್ತು. ಕುರ್ಚಿ ಇರದವನಾದ್ದರಿಂದ ಅವನನ್ನು ನಾಯಕರ ಪಟ್ಟಿಗೆ ಸೇರಿಸಿಲ್ಲ. ಪ್ರಬಂಧದ ಶಿಸ್ತು ಮುಖ್ಯ.

ನಮ್ಮ ರಾಜ್ಯದಲ್ಲಿ ಐದು ವರ್ಷ ಪೂರ್ತಿ ಕುರ್ಚಿಯಲ್ಲಿ ಕೂತ ಮುಖ್ಯಮಂತ್ರಿಗಳೇ ವಿರಳ. ಬೀದರಿಗೆ ಹೋದವರದೂ ಕಾರವಾರಕ್ಕೆ ಹೋದವರದೂ ಹೋಗಿದೆ. ಹೆಸರು ಕೆಟ್ಟದ್ದು ಮಾತ್ರ ಚಾಮರಾಜನಗರದ್ದು. ಹಾಲಿ ಮತ್ತು ಭಾವಿ ಮುಖ್ಯಮಂತ್ರಿಗಳಲ್ಲಿ ವಿನಂತಿ: ಮೈಸೂರಿನಿಂದ ಅಲ್ಲಿಗೆ ರೈಲಿದೆ, ತೆರಕಣಾಂಬಿ ದಾಟಬೇಕಿಲ್ಲ. ಹಳಿ ಅಲ್ಲೇ ಮುಗಿಯುವುದರಿಂದ ನಿದ್ದೆ ಹೋದರೂ ಊರು ತಪ್ಪುವುದಿಲ್ಲ.