ಮಾರ್ಷಲ್ ಮಾತು ಕೇಳಿ ಎಸ್.ಪಿ. ರೋಡಿಗೆ

ತೆರಕಣಾಂಬಿಯವನಿಗೆ ವ್ಯಾಪಾರದ ಮರ್ಮ ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತಲ ಹಳ್ಳಿಗಳ ತರಕಾರಿಯೆಲ್ಲ ನಮ್ಮೂರ ಮಾರುಕಟ್ಟೆಯಲ್ಲಿ ಗುಡ್ಡೆ ಬೀಳುತ್ತದೆಂದೇ ಕೇರಳದ ಲಾರಿಗಳು ಬರುವುದು. ಲಾರಿ ಬರುತ್ತದೆಂದೇ ನಾವು ಟೊಮೆಟೊ ಕ್ರೇಟು ಹೊತ್ತು ಅಲ್ಲಿಗೇ ಹೋಗುವುದು. ಒಂದೇ ಕಸುಬಿನವರು ಒಂದೆಡೆ ಕೂಡುವ ಈ ಸಂಗತಿಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ದಪ್ಪ ಪುಸ್ತಕದಲ್ಲಿ ವಿವರಿಸಿದ. ಬಿ.ಎ.ಯಲ್ಲಿ ಅದನ್ನು ಓದಿದ್ದೇ ನನಗೆ ಮುಳುವಾಯಿತು.

ಬೋರ್‌ವೆಲ್ ಸ್ಟಾರ್ಟರ್ ಸುಟ್ಟುಹೋದಾಗ ಚಿಕ್ಕಪ್ಪ, "ಸುಮ್ನ ಗುಂಡ್ಲುಪೇಟಲೇ ತಕ್ಕೊಂಡು ಬಾ ಕನ ಮಗ, ಬೆಳ ಒಣಗ್ತಾ ಅದ" ಎಂದರು. ಒಂದೇ ಬೀದಿಯಲ್ಲಿ ಸಾಲು ಅಂಗಡಿಯಿದ್ದರೆ ಪೈಪೋಟಿಗೆ ಬಿದ್ದು ರೇಟು ಇಳಿಸುತ್ತಾರೆಂದು ಅವರಿಗೆ ಪಾಠ ಹೇಳಿ ಬೆಂಗಳೂರು ಬಸ್ಸು ಹತ್ತಿದೆ.

ಕೆಂಪೇಗೌಡರ ಕಾಲದಿಂದ ಕಸುಬಿಗೊಂದು ಪೇಟೆ ಬೆಳೆದ ಊರದು. ರೇಷ್ಮೆ ಸೀರೆಗೆ ಚಿಕ್ಕಪೇಟೆ, ಪುಸ್ತಕಕ್ಕೆ ಅವೆನ್ಯೂ ರಸ್ತೆ, ತಬಲ-ಹಾರ್ಮೋನಿಯಂಗೆ ಬಳೇಪೇಟೆ, ಗಾಡಿಯ ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಸ್ಟಾರ್ಟರಿಗೆ ನನ್ನ ಗುರಿ ಎಸ್.ಪಿ. ರೋಡ್.

ಮೊದಲ ಅಂಗಡಿಯಲ್ಲಿ 3,400 ಎಂದರು. ಮುಖ ಸಿಂಡರಿಸಿ, ಕರೆಯಲಿ ಎಂದು ನಿಧಾನಕ್ಕೆ ಮೆಟ್ಟಿಲಿಳಿದೆ. ಕರೆಯಲಿಲ್ಲ. ಮುಂದಿನ ಅಂಗಡಿಯವರು, "ಕೂತ್ಕೊಳಿ ಸಾರ್, ಗೋಡೌನಿಂದ ತರಿಸ್ತೀನಿ" ಎಂದು ಹುಡುಗನನ್ನು ಓಡಿಸಿದರು. ಬಂದ ಡಬ್ಬದ ಮೂಲೆ ಹರಿದಿತ್ತು, ಮೇಲೆ ಕಾಫಿ ಲೋಟದ ದುಂಡು ಕಲೆ. ಮೊದಲ ಅಂಗಡಿಯಲ್ಲೂ ಹಾಗೇ ಇತ್ತು. ಕಂಪನಿಯವರ ಮುದ್ರೆಯೇ ಇರಬೇಕೆಂದುಕೊಂಡೆ. ಬೆಲೆ 3,600.

ಇನ್ನೂ ಮುಂದೆ ಹೋದೆ. ಅಲ್ಲೂ ಗೋಡೌನು, ಅದೇ ಹುಡುಗ, ಅದೇ ಕಾಫಿ ಕಲೆ. 3,800!

ಕಸುಬಿನವರು ಒತ್ತೊತ್ತಾಗಿರುವ ಕಡೆ ಯಾವ ಗುಟ್ಟೂ ಗುಟ್ಟಾಗಿ ಉಳಿಯುವುದಿಲ್ಲ ಎಂದು ಮಾರ್ಷಲ್ ವಿವರಿಸಿದ್ದ. ಆ ರಸ್ತೆಯಲ್ಲಿ ಬಯಲಾಗಿದ್ದು ನನ್ನ ಗುಟ್ಟು. ಬಾಯಿ ಬಿಡುವ ಮುಂಚೆಯೇ ಅಂಗಡಿಯವರು, "ತೆರಕಣಾಂಬಿಯೋರು ತಾನೆ? ಮೂರು ಸಾವಿರಕ್ಕೆ ಕೇಳಿದ್ರಂತೆ?" ಎಂದರು. ಹೆಗಲ ಮೇಲೆ ಕೈಹಾಕಿಕೊಂಡು ಟೀ ಕುಡಿಯುವವರ ನಡುವೆ ಪೈಪೋಟಿ ಹುಡುಕಿದ್ದೆ ನಾನು. ನಮ್ಮೂರ ದಲ್ಲಾಳಿಗಳು ಟವೆಲ್ಲಿನಡಿ ಬೆರಳು ಹಿಡಿದು ಟೊಮೆಟೊ ರೇಟು ಕಟ್ಟುವಾಗ ಬಾಯಿಬಿಟ್ಟುಕೊಂಡು ನಿಲ್ಲುವವನಿಗೆ ಇದಾದರೂ ಹೊಳೆಯಬೇಡವೇ?

ಮೊದಲ ಅಂಗಡಿಗೆ ಓಡಿದೆ. "ಸ್ಟಾಕ್ ಇಲ್ಲ ಸಾರ್. ಇದ್ದ ಒಂದನ್ನ ಆ ಕಡೆ ಅಂಗಡಿಯೋರು ತರಿಸ್ಕೊಂಡ್ರು."

ವಾಪಸ್ ಬಂದು 3,800 ಎಣಿಸಿದೆ. ಡಬ್ಬವನ್ನು ಬಸ್ಸಿನವರೆಗೂ ಹೊತ್ತು ತಂದ ಹುಡುಗ ಟೀ ಕಾಸಿಗೆ ಕೈಚಾಚಿದ. "ಬೆಳಗ್ಗಿಂದ ನಿಮ್ಮ ಹಿಂದೆ ಇದನ್ನೇ ಹೊತ್ತಿದೀನಣ್ಣ" ಎಂದ. ಇಪ್ಪತ್ತು ರೂಪಾಯಿ ಕೊಟ್ಟೆ. ಅದಕ್ಕೆ ಸಮನಾಗಿ ಅವನೊಂದು ಸಲಹೆಯನ್ನೂ ಕೊಟ್ಟ:

"ಇನ್ನೊಂದ್ಸಲ ಗುಂಡ್ಲುಪೇಟೆಲೇ ತಗೊಳಣ್ಣ. ಅಲ್ಲಿಗೂ ನಾವೇ ಪಾರ್ಸಲ್ ಹಾಕೋದು, ಹೋಲ್‌ಸೇಲ್ ರೇಟಿಗೆ."