ಜಿಪುಣತನದ ಗುತ್ತಿಗೆದಾರರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ದರ್ಶಿನಿ, ಅದರ ಗಲ್ಲಾದಲ್ಲಿ ಒಬ್ಬ ಮಾಲೀಕರು ಇದ್ದೇ ಇರುತ್ತಾರೆ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಚಿಲ್ಲರೆ, ಕಣ್ಣು ಮಾತ್ರ ಟಿಶ್ಯೂ ಪೇಪರಿನ ಮೇಲೆ. ಒಂದು ಹಾಳೆಯನ್ನು ನಾಲ್ಕಾಗಿ ಕತ್ತರಿಸಿ ಲೋಟದಲ್ಲಿ ಸಿಕ್ಕಿಸಿರುತ್ತಾರೆ. ಅದರಿಂದ ಒರೆಸಿಕೊಂಡರೆ ಟಿಶ್ಯೂ ಒದ್ದೆಯಾಗುತ್ತದೆಯೇ ಹೊರತು ಕೈ ಒಣಗುವುದಿಲ್ಲ. ಎರಡನೆಯದಕ್ಕೆ ಕೈ ಚಾಚಿದವರನ್ನು ಅವರು ಬೈಯುವುದಿಲ್ಲ, ಸುಮ್ಮನೆ ನೋಡುತ್ತಾರೆ. ಆ ನೋಟ ಎದುರಿಸುವುದಕ್ಕಿಂತ ಅಂಗಿಗೆ ಒರೆಸಿಕೊಳ್ಳುವುದೇ ವಾಸಿ. ಹಾಲಿನ ಲೆಕ್ಕವೆಲ್ಲ ಅಕ್ಕಿ ಮಂಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನ ಹಳೆಯ ಹಾಳೆಗಳ ಹಿಂಬದಿಯಲ್ಲಿ. ಪಾರ್ಸೆಲಿನ ರಬ್ಬರ್ ಬ್ಯಾಂಡುಗಳು ಗಲ್ಲಾದ ಮೂಲೆಯ ಮೊಳೆಗೆ ಮಾಲೆ ಹಾಕಿಕೊಂಡಿರುತ್ತವೆ. ಕೊನೆಯ ಗಿರಾಕಿ ಮೆಟ್ಟಿಲು ಇಳಿಯುವ ಮೊದಲೇ "ಫ್ಯಾನು ಯಾರಿಗೋ?" ಎಂಬ ಕೂಗು ಬರುತ್ತದೆ. ಇಂಥವರನ್ನು ಜಿಪುಣರೆಂದು ಆಡಿಕೊಳ್ಳುವುದು ವಾಡಿಕೆ. ಆದರೆ ನಿಜ ಹೇಳಬೇಕೆಂದರೆ ಆ ಜಿಪುಣತನ ಅವರದಲ್ಲ, ನಮ್ಮದು. ಅದನ್ನು ನಾವು ಅವರಿಗೆ ಗುತ್ತಿಗೆ ಕೊಟ್ಟಿದ್ದೇವೆ.

ಪುರಾವೆಗೆ ದರ್ಶಿನಿಯ ಹುಟ್ಟನ್ನೇ ನೋಡಿ. 1983ರಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯ ಕೆಫೆ ದರ್ಶಿನಿ ಜಯನಗರದಲ್ಲಿ ಶುರುವಾದಾಗ ಅಲ್ಲಿ ಕೂರುವ ಏರ್ಪಾಡಿರಲಿಲ್ಲ, ಮೇಜಿಗೆ ತಂದುಕೊಡುವ ಮಾಣಿಯೂ ಇರಲಿಲ್ಲ. ಚೀಟಿ ಪಡೆದು, ತಟ್ಟೆ ತಾವೇ ಹಿಡಿದು, ನಿಂತು ತಿನ್ನಬೇಕು. ಮನೆಯಲ್ಲಿ ನೀರನ್ನೂ ತಾವಾಗಿ ಬಗ್ಗಿಸಿಕೊಳ್ಳದ ಗಂಡಸರು ಇಲ್ಲಿ ಶಿಸ್ತಾಗಿ ಸಾಲಿನಲ್ಲಿ ನಿಂತರು, ಏಕೆಂದರೆ ದರ ಅಗ್ಗ. ಕುರ್ಚಿ ತೆಗೆದದ್ದರಿಂದ ಉಳಿದದ್ದು ಕುರ್ಚಿಯ ಬೆಲೆಯಷ್ಟೇ ಅಲ್ಲ. ಕೂತವನು ಪೇಪರು ಮುಗಿಸಿ ಏಳುತ್ತಾನೆ, ನಿಂತವನು ಇಡ್ಲಿ ಮುಗಿಸಿ ಹೊರಡುತ್ತಾನೆ. ಹೀಗಾಗಿ ಅದೇ ಬಾಡಿಗೆಯ ಜಾಗದಲ್ಲಿ ಹೆಚ್ಚು ಗಿರಾಕಿ. ಉಳಿತಾಯದಲ್ಲಿ ನಾವೇನು ಕಡಿಮೆ? ಒಂದು ಕಾಫಿಯನ್ನು ಬೈಟು ಮಾಡಿಸಿ, ತೊಳೆಯುವವನಿಗೆ ಎರಡು ಲೋಟ ಕೊಟ್ಟು, ಮೇಲೆ "ಸ್ವಲ್ಪ ಸ್ಟ್ರಾಂಗ್ ಇರಲಿ" ಎನ್ನುತ್ತೇವೆ. ಇಡ್ಲಿ ಒಂದು, ಸಾಂಬಾರು ಮೂರು ಸಲ.

ಎರಡು ರೂಪಾಯಿ ಏರಿಸಿ ಟಿಶ್ಯೂ ಧಾರಾಳವಾಗಿ ಕೊಡಬಾರದೇ ಎಂದು ಕೇಳಬಹುದು. ಕೊಡಬಹುದು. ಆದರೆ ಎದುರು ಸಾಲಿನಲ್ಲೇ ಇನ್ನೊಂದು ದರ್ಶಿನಿ ಇದೆ, ರಸ್ತೆ ದಾಟಲು ನಮಗೆ ಎರಡು ರೂಪಾಯಿ ಸಾಕು. ಇನ್ನು ದೊಡ್ಡ ಖರ್ಚುಗಳ ಮೇಲೆ ಮಾಲೀಕರ ಹಿಡಿತವೇ ಇಲ್ಲ. ಬಾಡಿಗೆ ಕಟ್ಟಡದವರ ಮರ್ಜಿ, 19 ಕೆಜಿ ಸಿಲಿಂಡರಿನ ದರ ತೈಲ ಕಂಪನಿಯ ಮರ್ಜಿ. 2017ರ ನವೆಂಬರಿನಿಂದ ಇಂಥ ಹೋಟೆಲಿನ ತಿಂಡಿಗೆ ಶೇಕಡಾ 5 ಜಿಎಸ್‌ಟಿ. ಪ್ರತಿಯಾಗಿ, ಸಿಲಿಂಡರು, ಸಾಮಾನುಗಳ ಮೇಲೆ ತೆತ್ತ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಹೀಗೆ ಎಲ್ಲ ಕಡೆಯಿಂದ ಕಟ್ಟಿಹಾಕಿದ ಮೇಲೆ ಅವರ ಕೈಗೆ ಎಟುಕುವುದು ಫ್ಯಾನಿನ ಸ್ವಿಚ್ಚು, ನಲ್ಲಿ ಮತ್ತು ಟಿಶ್ಯೂ ಮಾತ್ರ.

ಜಿಪುಣರೇ ಆಗಿದ್ದರೆ ಕೈಗೆ ಸಿಕ್ಕಿದ್ದನ್ನೆಲ್ಲ ಕಡಿತ ಮಾಡಬೇಕಿತ್ತು. ಆದರೆ ರುಬ್ಬುವ ಕಡೆ ಇದೇ ಮನುಷ್ಯ ಬೇರೆಯೇ ಆಗುತ್ತಾರೆ. ಒಂದು ಹಿಡಿ ಉದ್ದು ಕಡಿಮೆ ಹಾಕಿದರೆ ಮಾರನೆಯ ಬೆಳಿಗ್ಗೆ ಇಡ್ಲಿಯೇ ಗಟ್ಟಿಯಾಗಿ ಸಾಕ್ಷಿ ಹೇಳುತ್ತದೆಂದು ಅವರಿಗೆ ಗೊತ್ತು. ಈ ಹಟ ಹೊಸದಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ದರವನ್ನು ತೀರಾ ಇಳಿಸಿದಾಗ ಬೆಂಗಳೂರಿನ ಎಂಟಿಆರ್ ಹೋಟೆಲು ತನ್ನ ಗುಣಮಟ್ಟ ಉಳಿಸಿಕೊಳ್ಳಲು ಹೆಣಗಾಡಿ, ಕೊನೆಗೆ ಸಿದ್ಧಪುಡಿಗಳ ವ್ಯಾಪಾರದತ್ತ ಹೊರಳಿತು. ಟಿಶ್ಯೂ ಕತ್ತರಿಸಿದರೆ ಗೊಣಗಿಕೊಂಡು ಮತ್ತೆ ಬರುತ್ತೇವೆ, ಉದ್ದು ಕತ್ತರಿಸಿದರೆ ಗೊಣಗದೆ ಬಿಟ್ಟುಹೋಗುತ್ತೇವೆ. ಈ ಎರಡರ ನಡುವಿನ ಗೆರೆ ಬಲ್ಲವರೇ ಈ ದಂಧೆಯಲ್ಲಿ ಉಳಿದಿರುವುದು.

ಟಿಶ್ಯೂವಿನ ತಕರಾರಿಗಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮಾಲೀಕರ ಉಳಿತಾಯದ ಭಾರ ಕಡೆಗೆ ಬೀಳುವುದು ಲೋಟ ತೊಳೆಯುವ ಹುಡುಗನ ಬೆನ್ನಿಗಲ್ಲವೇ? ಎಷ್ಟೋ ಕಡೆ ಹೌದು, ಅದಕ್ಕೆ ಸಮಜಾಯಿಷಿ ಇಲ್ಲ. ಗಿರಾಕಿಯ ಕಣ್ಣೆದುರೇ ಮಾಡಬಹುದಾದದ್ದು ಮಿತವ್ಯಯ. ಸಂಬಳ ತಡೆಹಿಡಿಯುವುದು, ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು, ಇವೆಲ್ಲ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಮಾಡುವ ಕೆಲಸ. ಸಿಟ್ಟಾದ ಗಿರಾಕಿಗೆ ಎದುರಿನ ದರ್ಶಿನಿ ಇದೆ. ಮೂಟೆಗಳ ಪಕ್ಕ ಮಲಗುವ ಕ್ಲೀನರಿಗೆ ಹೋಗಲು ಬೇರೆ ಜಾಗವಿಲ್ಲ. ಆದರೆ ಗುತ್ತಿಗೆ ಕೊಟ್ಟವರು ನಾವೇ ಆದ್ದರಿಂದ ಈ ಲೆಕ್ಕದಲ್ಲೂ ನಮ್ಮ ಪಾಲಿದೆ. ನಾಳೆ ಒಬ್ಬ ಮಾಲೀಕರು "ಕ್ಲೀನರುಗಳ ಸಂಬಳಕ್ಕಾಗಿ ಇಡ್ಲಿಗೆ ಎರಡು ರೂಪಾಯಿ ಏರಿಸಲಾಗಿದೆ" ಎಂದು ಬೋರ್ಡು ಹಾಕಲಿ. ನಾವು ಓದಿ ಮೆಚ್ಚುತ್ತೇವೆ, ಫೋಟೋ ತೆಗೆದು ಹತ್ತು ಗ್ರೂಪಿಗೆ ಕಳಿಸುತ್ತೇವೆ, ಆಮೇಲೆ ತಿಂಡಿ ತಿನ್ನಲು ರಸ್ತೆ ದಾಟುತ್ತೇವೆ.