ಕರೆಯದೇ ಬರುವ ನೆಂಟರು

ಪರದೇಶಕ್ಕೆ ಹೋದವನನ್ನು ವಿಚಾರಿಸಿಕೊಳ್ಳುವವರು ಯಾರಿರುತ್ತಾರೆ ಎಂದು ನಮ್ಮ ಹಿರಿಯರು ಕೊರಗುತ್ತಿದ್ದರು. ಆ ಕೊರತೆಯನ್ನು ಅಮೆರಿಕದ ಡೇಟಾ ವ್ಯಾಪಾರಿಗಳು ನೀಗಿಸಿದ್ದಾರೆ. ಚೆನ್ನಾಗಿಯೇ ವಿಚಾರಿಸಿಕೊಳ್ಳುತ್ತಾರೆ.

ಹೊಂಡುರಾಸ್‌ನಿಂದ ಬಂದು ಹ್ಯೂಸ್ಟನ್ನಿನಲ್ಲಿ ಚಾವಣಿ ಹೊದಿಸುವವನೊಬ್ಬನನ್ನು ನೆನೆಸಿಕೊಳ್ಳಿ. ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಕರೆಂಟಿಗೆ ಅರ್ಜಿ ಹಾಕುತ್ತಾನೆ: ಹೆಸರು, ಹಳೆಯ ವಿಳಾಸ, ಹೊಸ ವಿಳಾಸ, ಫೋನ್ ನಂಬರು. ಸಂಜೆ ಅಡುಗೆಮನೆಯ ದೀಪ ಹೊತ್ತಿದಾಗ ಮಗು ಚಪ್ಪಾಳೆ ತಟ್ಟುತ್ತದೆ. ನಮ್ಮಲ್ಲಾದರೆ ಹಾಲು ಉಕ್ಕಿಸಲು ನಾಲ್ಕು ಜನರನ್ನು ಕರೆಯಬೇಕು. ಅಲ್ಲಿ ಆ ತೊಂದರೆಯೇ ಇಲ್ಲ.

ಕರೆಂಟು, ನೀರು, ಫೋನ್ ಕಂಪನಿಗಳ ಒಕ್ಕೂಟವೊಂದು 17 ಕೋಟಿಗೂ ಮಿಕ್ಕ ಜನರ ಇಂಥ ವಿವರ ಜೋಪಾನ ಮಾಡಿತ್ತು. ಅದು ಈಕ್ವಿಫ್ಯಾಕ್ಸ್ ಎಂಬ ಕಂಪನಿಯ ಕೈ ದಾಟಿ ಥಾಮ್ಸನ್ ರಾಯಿಟರ್ಸ್‌ನ ‘ಕ್ಲಿಯರ್’ ಎಂಬ ದತ್ತಸಂಗ್ರಹಕ್ಕೆ, ಅಲ್ಲಿಂದ ವಲಸಿಗರನ್ನು ಹಿಡಿದು ಗಡೀಪಾರು ಮಾಡುವ ‘ಐಸ್’ ಇಲಾಖೆಗೆ ಹೋಗುತ್ತಿತ್ತು. 2021ರಲ್ಲಿ ಸೆನೆಟರ್ ರಾನ್ ವೈಡನ್ ತಕರಾರು ತೆಗೆದು ಆ ಮಾರಾಟ ನಿಲ್ಲಿಸಿದರು. ಕೆಲವರಿಗೆ ನಂಟಸ್ತಿಕೆ ಕಂಡರಾಗದು. ಪುಣ್ಯಕ್ಕೆ ಅದೇ ವರ್ಷ ಐಸ್ ಇಲಾಖೆ 1.68 ಕೋಟಿ ಡಾಲರ್ ಕರಾರಿನೊಂದಿಗೆ ಲೆಕ್ಸಿಸ್‌ನೆಕ್ಸಿಸ್ ಎಂಬ ಇನ್ನೊಬ್ಬ ವ್ಯಾಪಾರಿಯ ಮನೆ ಬಾಗಿಲು ತಟ್ಟಿಯಾಗಿತ್ತು. ಸಂಶೋಧನಾ ಪತ್ರಿಕೆಗಳ ಎಲ್ಸೆವಿಯರ್ ಪ್ರಕಾಶನದ್ದೂ ಅದೇ ಮನೆತನ. ಧಾರವಾಡದಿಂದ ಹೋಗಿ ಅಲ್ಲಿ ಪಿಎಚ್.ಡಿ. ಮಾಡುವ ನಮ್ಮ ಹುಡುಗನ ಪ್ರಬಂಧವನ್ನು ಲೈಬ್ರರಿಗೆ, ವಿಳಾಸವನ್ನು ಸರ್ಕಾರಕ್ಕೆ ಒಂದೇ ಮನೆಯವರು ಮಾರಬಲ್ಲರು.

ಕಾನೂನಿಗೆ ಅಲ್ಲಿನ ಸರ್ಕಾರ ಕೊಡುವ ಗೌರವವನ್ನೂ ಹೇಳಬೇಕು. ಫೋನ್ ಕಂಪನಿಯಿಂದ ಒಬ್ಬನ ಓಡಾಟದ ದಾಖಲೆ ಬೇಕಾದರೆ ವಾರಂಟ್ ತನ್ನಿ ಎಂದು 2018ರಲ್ಲಿ ಕಾರ್ಪೆಂಟರ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯಾಧೀಶರಿಗೆ ಪದೇ ಪದೇ ತೊಂದರೆ ಕೊಡುವುದು ಸಭ್ಯತೆಯೇ? ಸರ್ಕಾರ ಅಂಥದೇ ದಾಖಲೆಯನ್ನು ವೆನ್‌ಟೆಲ್ ಎಂಬ ಅಂಗಡಿಯಿಂದ ದುಡ್ಡು ಕೊಟ್ಟು ತಂದಿತು. ಮಾಲಿಗೆ ರಸೀದಿ ಇದೆ.

ಅಮೆರಿಕದ ನಾಲ್ವರು ವಯಸ್ಕರಲ್ಲಿ ಮೂವರನ್ನು ಕರೆಂಟು-ನೀರಿನ ದಾಖಲೆಯಿಂದಲೇ ಐಸ್ ಹುಡುಕಬಲ್ಲದು ಎಂದು ಜಾರ್ಜ್‌ಟೌನ್ ಕಾನೂನು ಕಾಲೇಜಿನ ಕೇಂದ್ರವೊಂದು 2022ರಲ್ಲಿ ಲೆಕ್ಕ ಕೊಟ್ಟಿತು. ಆ ನಾಲ್ಕನೆಯವನ ಅನಾಥ ಸ್ಥಿತಿ ನೆನೆದರೆ ಕರುಳು ಚುರುಕ್ಕೆನ್ನುತ್ತದೆ.

ನಮ್ಮ ಚಾವಣಿಯವನು ಇದನ್ನೆಲ್ಲ ಕೇಳಿ ಹೆದರಿ ಮನೆ ಬದಲಿಸಿದ. ಮೀಟರನ್ನು ಈ ಸಲ ಭಾವಮೈದುನನ ಹೆಸರಿಗೆ ಮಾಡಿಸಿದ. ವ್ಯಾಪಾರಿಗಳು ಬೇಸರಪಟ್ಟುಕೊಳ್ಳಲಿಲ್ಲ. ಅವರ ಕಡತದಲ್ಲಿ ‘ಸಂಬಂಧಿಕರು’ ಎಂಬ ಕಾಲಂ ಮೊದಲಿನಿಂದಲೂ ಇದೆ.